ಮೊದಲು ತೀರುವುದೇ ಅಳತೆ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲಿನಲ್ಲಿ ಹೋದ ವಾಚಕರು ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ಕಂಡಿರಬೇಕು. ಅವು ಪ್ರಕೃತಿ ಎತ್ತಿದ ಗುಡ್ಡಗಳಲ್ಲ. ಚಿನ್ನವನ್ನು ತೆಗೆದುಕೊಂಡು ಬಿಸುಟ ಅದಿರಿನ ಹುಡಿ.

೧೮೮೭ರಲ್ಲಿ ಸ್ಕಾಟ್ಲೆಂಡಿನಲ್ಲಿ ಮ್ಯಾಕ್‌ಆರ್ಥರನೂ ಫಾರೆಸ್ಟ್ ಸೋದರರೂ ಕಂಡುಹಿಡಿದ ವಿಧಾನವಿದು. ಅರೆದ ಹುಡಿಯಲ್ಲಿನ ಚಿನ್ನವನ್ನು ಸೈನೈಡ್ ನೀರು ಗಾಳಿಯ ಆಮ್ಲಜನಕದ ನೆರವಿನಿಂದ ಕರಗಿಸುತ್ತದೆ. ಆ ದ್ರಾವಣಕ್ಕೆ ಸತುವನ್ನು ಹಾಕಿದರೆ ಚಿನ್ನ ಮರಳಿ ಹೊರಬೀಳುತ್ತದೆ.

ಲೆಕ್ಕ ಹಾಕಿ ನೋಡಿ. ೬೫ ಗ್ರಾಂ ಸತು ೩೯೪ ಗ್ರಾಂ ಚಿನ್ನವನ್ನು ಹೊರತರಬಲ್ಲುದು. ದ್ರಾವಣದಲ್ಲಿ ೧೯೭ ಗ್ರಾಂ ಚಿನ್ನವಿದೆಯೆನ್ನೋಣ. ಸತುವನ್ನು ೬೫ ಗ್ರಾಂ ಹಾಕಿದರೂ ಒಂದು ಮಣ ಹಾಕಿದರೂ ದೊರೆಯುವುದು ೧೯೭ ಗ್ರಾಮೇ. ಸತು ೧೩ ಗ್ರಾಂ ಮಾತ್ರವಿದ್ದರೆ ಸುಮಾರು ೭೯ ಗ್ರಾಂ ಚಿನ್ನ ಬಂದು ಮಿಕ್ಕದ್ದು ನೀರಿನಲ್ಲೇ ಉಳಿಯುತ್ತದೆ. ಯಾವುದು ಮೊದಲು ತೀರುವುದೋ ಅದೇ ಫಲವನ್ನು ಗೊತ್ತುಮಾಡುತ್ತದೆ.

ಗಣಿಯ ಚರಿತ್ರೆಯೂ ಈ ಲೆಕ್ಕಕ್ಕೆ ಹೊರತಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಯಂತ್ರವೂ ಇತ್ತು, ಸೈನೈಡೂ ಇತ್ತು, ಪಾತಾಳಕ್ಕಿಳಿದು ದುಡಿಯುವ ಜನರೂ ಇದ್ದರು. ಕುಗ್ಗುತ್ತ ಬಂದದ್ದು ಅದಿರಿನೊಳಗಿನ ಚಿನ್ನ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ದಿಬ್ಬಗಳು ಉಳಿದವು, ಗಾಳಿಯೆದ್ದಾಗ ಅವುಗಳ ಧೂಳು ಇಂದಿಗೂ ಆ ದುಡಿದವರ ಮನೆಗಳ ಮೇಲೆಯೇ ಬೀಳುತ್ತದೆ.