ಕಾರಿನ ಕಿಡಿಯೂ ಟೈರಿನ ಮಸಿಯೂ

ಒಣ ಹವೆಯ ದಿನ ಕಾರಿನಿಂದ ಇಳಿದು ಬಾಗಿಲು ಮುಟ್ಟಿದೊಡನೆ ಬೆರಳಿಗೆ ಚುರ್ ಎಂದದ್ದು ನಿಮಗೆ ನೆನಪಿರಬಹುದು. ಬಟ್ಟೆಯೂ ಆಸನವೂ ಉಜ್ಜಿ ಬೇರ್ಪಟ್ಟಾಗ ದೇಹದಲ್ಲಿ ಉಳಿದ ಸ್ಥಾಯೀ ವಿದ್ಯುತ್ತು ಲೋಹಕ್ಕೆ ಹಾರುವ ಪರಿ ಇದು. ಈ ಕಿಡಿಯ ಇತಿಹಾಸದಲ್ಲಿ ಟೈರಿನದೂ ಒಂದು ಅಧ್ಯಾಯವಿದೆ.

ಮೊದಮೊದಲ ಮೋಟಾರು ಟೈರುಗಳು ಕಪ್ಪಗಿರಲಿಲ್ಲ. ನಸುಬಿಳುಪಿನ ರಬ್ಬರಿಗೆ ಗಟ್ಟಿತನಕ್ಕಾಗಿ ಸತುವಿನ ಆಕ್ಸೈಡ್ ಬೆರೆಸುತ್ತಿದ್ದರು. 1910ರ ದಶಕದಲ್ಲಿ ಇಂಗಾಲದ ಮಸಿ ಬೆರೆಸತೊಡಗಿದಾಗ ಸವೆತ ಬಹಳ ಕಡಿಮೆಯಾಯಿತು. ಬಯಸಿದ್ದು ಬಾಳಿಕೆ, ಕೇಳದೆಯೇ ದೊರೆತದ್ದು ವಿದ್ಯುದ್ವಾಹಕತೆ! ಒಂದಕ್ಕೊಂದು ತಗುಲಿದ ಮಸಿಯ ಕಣಗಳ ಮೂಲಕ ಕಾರಿನ ವಿದ್ಯುದಾವೇಶ ನೆಲಕ್ಕೆ ಸೋರಿಹೋಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ಇಂಧನ ಉಳಿಸಲೆಂದು ಮಸಿಯ ಬದಲು ಸಿಲಿಕಾವನ್ನು ಹೆಚ್ಚಾಗಿ ಬಳಸಿತು. ಸಿಲಿಕಾ ಅವಾಹಕ, ಸೋರುವ ದಾರಿ ಕಟ್ಟಿತು. ನೆಲ ಮುಟ್ಟುವ ಪದರದಲ್ಲಿ ಮಸಿ ತುಂಬಿದ ರಬ್ಬರಿನ ತೆಳು ಎಳೆಯೊಂದನ್ನು ಸೇರಿಸಿ ತಯಾರಕರು ಆ ದಾರಿಯನ್ನು ಮತ್ತೆ ತೆರೆದರು.

ಆದರೆ ಟೈರು ಹರಿಸುವುದು ಕಾರಿನ ಆವೇಶವನ್ನು, ಇಳಿದು ನಿಂತ ನಿಮ್ಮದನ್ನಲ್ಲ. ಕಾರಿನ ಹಿಂದೆ ನೇತಾಡಿಸುವ ರಬ್ಬರು ಪಟ್ಟಿಯಿಂದ ಹೆಚ್ಚು ಪ್ರಯೋಜನವಾಗದಿರುವುದೂ ಇದಕ್ಕೇ. ತರಗತಿಯಲ್ಲಿ ಲೆಕ್ಕ ಹಾಕಿಸಿ ನೋಡಿ: ದೇಹದ ಧಾರಕತೆ 100 ಪಿಕೊಫ್ಯಾರಡ್, ವಿಭವ 10,000 ವೋಲ್ಟ್ ಎಂದಾದರೆ ಕಿಡಿಯ ಶಕ್ತಿ 5 ಮಿಲಿಜೂಲ್. ಮನುಷ್ಯನಿಗೆ ಇದು ಬರೀ ಚುರುಕು. ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಮಾತ್ರ ಒಂದು ಮಿಲಿಜೂಲೂ ಬೇಕಿಲ್ಲ! ಆದ್ದರಿಂದ ಪೆಟ್ರೋಲ್ ತುಂಬುತ್ತಿರುವಾಗ ಒಳಗೆ ಹೋಗಿ ಕುಳಿತು, ಮತ್ತೆ ಇಳಿದು ಬಂದು ನಳಿಕೆ ಹಿಡಿಯಬೇಡಿ. ಇಳಿಯುವಾಗ ಆಸನ ಬಿಡುವ ಮುನ್ನವೇ ಬಾಗಿಲಿನ ಬರಿಯ ಲೋಹವನ್ನು ಹಿಡಿದು, ಕಾಲು ನೆಲಕ್ಕೂರಿದ ಮೇಲೆ ಕೈ ಬಿಡಿ. ಆಗ ಆವೇಶ ಬೇರ್ಪಡುತ್ತಿದ್ದಂತೆಯೇ ಲೋಹದ ಮೂಲಕ ಸರಿದುಹೋಗುತ್ತದೆ. ಕಿಡಿ ಹಾರುವಷ್ಟು ವಿಭವ ಏರುವುದೇ ಇಲ್ಲ.