ಪಗಾರದ ದಿನ, ಕಂತಿನ ದಿನ: ನೌಬಾದ ಸುತ್ತಿನ ಸಣ್ಣ ಸಾಲದ ಬಗ್ಗೆ ಒಂದು ಟಿಪ್ಪಣಿ

ಸರ್ಕಾರದ ಮಾಸಾಶನ ನಂಬಿ ಬದುಕುವವರು ಸಾಲ ಮಾಡಬಾರದು ಎಂದು ಉಪದೇಶಿಸುವುದು ಸುಲಭ. ಮಳೆಗಾಲಕ್ಕೆ ಮುಂಚೆ ಹೊದಿಸಬೇಕಾದ ತಗಡು, ಆಸ್ಪತ್ರೆಯ ಬಿಲ್ಲು, ಮೊಮ್ಮಗಳ ಕಾಲೇಜು ಫೀ ಇವು ಉಪದೇಶ ಕೇಳುವುದಿಲ್ಲ. ಬೀದರಿನ ನೌಬಾದದಲ್ಲಿ, ಭಾಲ್ಕಿ ಮತ್ತು ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ, ಜನ ‘ಮುದುಕರ ಪಗಾರ’, ‘ವಿಧವಾ ಪಗಾರ’ ಎನ್ನುವ ಹಣವೂ ಫೈನಾನ್ಸಿನ ಕಂತೂ ಎಷ್ಟೋ ಮನೆಗಳಲ್ಲಿ ಒಂದೇ ಸೆರಗಿನ ಗಂಟಿನಲ್ಲಿರುತ್ತವೆ. ಅಂಥ ಮನೆಗೆ ಸಾಲ ಅಪಾಯವಾಗುವುದು ಎಲ್ಲಿ? ಬಡ್ಡಿಯಲ್ಲಿ ಎಂಬುದು ವಾಡಿಕೆಯ ಉತ್ತರ. ನಿಯಮವನ್ನೂ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಪಗಾರ ಬೀಳುವ ಖಾತೆ ಯಾವುದು, ಕಂತು ಕಟ್ಟುವ ದಿನ ಯಾವುದು ಎಂಬ ಎರಡು ಸಂಗತಿಗಳೂ ಬಡ್ಡಿಯಷ್ಟೇ ತೂಗುತ್ತವೆ ಎಂಬುದು ನನ್ನ ವಾದ.

ಮೊದಲು ಮೊತ್ತಗಳು. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದವರಿಗೆ ತಿಂಗಳಿಗೆ ₹1200. ವಿಧವಾ ವೇತನ ₹800. ಇವು ಕಂದಾಯ ಇಲಾಖೆಯ ದಾರಿಯಲ್ಲಿ, ನಾಡಕಚೇರಿಯ ಅರ್ಜಿಯಿಂದ ಬರುವ ಹಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿಯ ₹2000 ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಇಲಾಖೆ ಬೇರೆ, ಬಿಲ್ಲು ಬೇರೆ, ಖಾತೆಗೆ ಬೀಳುವ ದಿನವೂ ಬೇರೆ. ಗೃಹಲಕ್ಷ್ಮಿ ಹಣ ತಿಂಗಳುಗಟ್ಟಲೆ ನಿಂತು ಆಮೇಲೆ ಒಟ್ಟಿಗೆ ಬಿದ್ದದ್ದು ರಾಜ್ಯಕ್ಕೆಲ್ಲ ಗೊತ್ತಿರುವ ವಿಚಾರ.

ಈಗ ಸಾಲದ ಕಡೆಯ ನಿಯಮ. ರಿಸರ್ವ್ ಬ್ಯಾಂಕು 2022ರ ಮಾರ್ಚ್ 14ರಂದು ಹೊರಡಿಸಿ ಏಪ್ರಿಲ್ 1ರಿಂದ ಜಾರಿಗೆ ತಂದ ಮೈಕ್ರೋಫೈನಾನ್ಸ್ ನಿರ್ದೇಶನದ ಪ್ರಕಾರ ವರ್ಷಕ್ಕೆ ₹3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಒಂಟಿಯಾಗಿರುವ ವಿಧವೆಯೊಬ್ಬರನ್ನು ಊಹಿಸಿಕೊಳ್ಳೋಣ: ₹800 ಮತ್ತು ₹2000, ಒಟ್ಟು ₹2800. ಅರ್ಧವೆಂದರೆ ₹1400. ವರ್ಷಕ್ಕೆ ಶೇ 24ರ ಬಡ್ಡಿ, ಹನ್ನೆರಡು ತಿಂಗಳ ಅವಧಿ ಎಂದಿಟ್ಟುಕೊಂಡರೆ ಆ ಕಂತಿಗೆ ಸಿಗುವ ಸಾಲ ಸುಮಾರು ₹14,800. ಗೃಹಲಕ್ಷ್ಮಿ ತಡವಾಗುವ ತಿಂಗಳುಗಳನ್ನು ನೆನೆದು ವಿಧವಾ ವೇತನವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಕಂತು ₹400, ಸಾಲ ₹4200ರ ಆಸುಪಾಸು. ನಿಯಮ ಒಪ್ಪುವ ಸಾಲಕ್ಕೂ ತಡೆದುಕೊಳ್ಳಬಲ್ಲ ಸಾಲಕ್ಕೂ ಮೂರೂವರೆ ಪಟ್ಟು ಅಂತರ. ನನ್ನ ಮಟ್ಟಿಗೆ ಎರಡನೆಯ ಅಂಕಿಯೇ ಸುರಕ್ಷತೆಯ ಗೆರೆ.

ಅದೇ ನಿರ್ದೇಶನದಲ್ಲಿ ‘ಕುಟುಂಬ’ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಂದರೆ ಮಗ ಸೊಸೆಯೊಡನೆ ಒಂದೇ ಒಲೆಯಲ್ಲಿ ಉಣ್ಣುವ ಅತ್ತೆ ಈ ಲೆಕ್ಕಕ್ಕೆ ಬೇರೆಯೇ ಕುಟುಂಬ. ಅತ್ತೆಯ ಪಗಾರ ಸೊಸೆಯ ಆದಾಯದಲ್ಲಿ ಸೇರುವಂತಿಲ್ಲ. ಆದರೆ ಸೊಸೆಯ ಹೆಸರಿನ ಕಂತಿಗೆ ಕೊರತೆ ಬಿದ್ದ ದಿನ ಮೊದಲು ಕೈಹೋಗುವುದು ಆ ₹1200ಕ್ಕೇ. ವಯಸ್ಸಾದವರಿಗೆ ತಮ್ಮದೇ ಹೆಸರಿನಲ್ಲಿ ಸಣ್ಣ ಸಾಲ ಸಿಗುವ ಬಾಗಿಲುಗಳೂ ಕಡಿಮೆ. ಜನಧನ ಖಾತೆಯ ಓವರ್‌ಡ್ರಾಫ್ಟ್ ₹10,000ದವರೆಗೆ ಉಂಟು, ₹2000ದವರೆಗೆ ಷರತ್ತಿಲ್ಲದೆಯೂ ಉಂಟು. ಅದರ ವಯೋಮಿತಿ 65. ಸಂಧ್ಯಾ ಸುರಕ್ಷಾ ಶುರುವಾಗುವ ವಯಸ್ಸಿಗೆ ಸರಿಯಾಗಿ ಅಗ್ಗದ ಸಾಲದ ಬಾಗಿಲು ಮುಚ್ಚುತ್ತದೆ. ಎರಡು ಯೋಜನೆ ರೂಪಿಸಿದವರು ಒಬ್ಬರ ಕಡತ ಒಬ್ಬರು ನೋಡಿದ್ದರೋ ಇಲ್ಲವೋ!

ವಾರದ ಕಂತಿನ ಲೆಕ್ಕ ಇನ್ನೊಂದು. ತಿಂಗಳಿಗೆ ₹1400 ಎಂದರೆ ವಾರಕ್ಕೆ ₹323. ವರ್ಷದ ನಾಲ್ಕು ತಿಂಗಳಲ್ಲಿ ಕಂತಿನ ವಾರ ಐದು ಸಲ ಬರುತ್ತದೆ. ಆಗ ಹೊರೆ ₹1615. ಪಗಾರ ಮಾತ್ರ ಒಂದೇ ಸಲ, ಅದೂ ಬಂದರೆ ಉಂಟು. ಈ ಹೊಂದಾಣಿಕೆಯಿಲ್ಲದ ಜಾಗದಲ್ಲೇ ಎರಡನೆಯ ಸಾಲ ಹುಟ್ಟುವುದು: ಒಂದು ಫೈನಾನ್ಸಿನ ವಾರ ತೀರಿಸಲು ಇನ್ನೊಂದು ಫೈನಾನ್ಸಿನ ಹಣ. ಕಂತಿನ ಅವಧಿಯನ್ನು ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಇಡುವ ನೀತಿಯನ್ನು ಪ್ರತಿ ಸಂಸ್ಥೆಯೂ ಹೊಂದಿರಬೇಕೆಂದು 2022ರ ನಿರ್ದೇಶನವೇ ಹೇಳುತ್ತದೆ. ತಿಂಗಳ ಕಂತು ಕೊಡಿ ಎಂದು ಸಾಲಕ್ಕೆ ಮುಂಚೆ ಕೇಳುವುದು ದಯೆಯ ಬೇಡಿಕೆಯಾಗಬೇಕಿಲ್ಲ. ಗುಂಪು ಜಾಮೀನಿನ ಸಾಲವಾದರೆ ಪಕ್ಕದ ಮನೆಯವಳು ಕಟ್ಟದ ಕಂತೂ ಪಗಾರದ ಮೇಲೆ ಬೀಳಬಹುದು ಎಂಬುದನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ಖಾತೆಯ ವಿಚಾರ ಹೆಚ್ಚು ಸೂಕ್ಷ್ಮ, ಕಡಿಮೆ ಚರ್ಚೆಯಾದದ್ದು. ಆಧಾರ್ ಮೂಲಕ ಕಳಿಸುವ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಸಾಲಕ್ಕೆಂದು ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಆಧಾರ್ ಜೋಡಣೆಗೆ ಹೆಬ್ಬೆಟ್ಟು ಒತ್ತಿದರೆ, ಪಗಾರ ಸದ್ದಿಲ್ಲದೆ ಆ ಹೊಸ ಖಾತೆಗೆ ದಾಟಬಹುದು. ಸಾಲ ಕೊಟ್ಟ ಬ್ಯಾಂಕಿನಲ್ಲೇ ಪಗಾರವೂ ಬಿದ್ದರೆ 1872ರ ಕರಾರು ಕಾಯ್ದೆಯ 171ನೇ ಕಲಮಿನಲ್ಲಿರುವ ಬ್ಯಾಂಕಿನ ಹಿಡಿತದ ಹಕ್ಕಿನ ಮಾತು ಏಳುತ್ತದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಸಾಲಗಾರರ ಠೇವಣಿ ಖಾತೆಯ ಮೇಲೆ ಹಿಡಿತ ಇಡಬಾರದೆಂದು ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಹೇಳಿದೆ. ಬೆಳೆಸಾಲ, ಇತರ ಸಾಲಗಳಿಗೆ ಆ ರಕ್ಷಣೆ ಅದೇ ರೂಪದಲ್ಲಿಲ್ಲ. 2024ರ ಬೇಸಿಗೆಯಲ್ಲಿ ರೈತರ ಬರ ಪರಿಹಾರವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬೇಡಿ ಎಂದು ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಹೇಳಬೇಕಾಗಿ ಬಂದದ್ದು ಈ ಕಾರಣಕ್ಕೇ. ಹಾಗಾಗಿ ಪಗಾರದ ಖಾತೆಯನ್ನು ಸಾಲದ ಬ್ಯಾಂಕಿನಿಂದ ದೂರ ಇಡುವುದು ಲೇಸು. ಅಂಚೆ ಉಳಿತಾಯ ಖಾತೆಯಾಗಲಿ, 2018ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಶುರುವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆಯಾಗಲಿ ಇದಕ್ಕೆ ತಕ್ಕವು. ಪೇಮೆಂಟ್ಸ್ ಬ್ಯಾಂಕು ಸಾಲ ಕೊಡುವಂತೆಯೇ ಇಲ್ಲ.

ಪಾಸ್‌ಬುಕ್ಕು, ಎಟಿಎಂ ಕಾರ್ಡು ಅಡವಿಟ್ಟು ಕೈಸಾಲ ತರುವುದು ಇನ್ನೂ ಕೆಟ್ಟ ದಾರಿ. ದಕ್ಷಿಣ ಆಫ್ರಿಕದಲ್ಲಿ ‘ಮಶೋನಿಸಾ’ ಎಂಬ ಲೇವಾದೇವಿಗಾರರು ಸರ್ಕಾರಿ ಸಹಾಯಧನದ ಕಾರ್ಡನ್ನೇ ಇಟ್ಟುಕೊಳ್ಳುವ ರೂಢಿಯಿದೆ. ಅಲ್ಲಿ 2012ರಿಂದ ಸಹಾಯಧನ ಹಂಚುವ ಗುತ್ತಿಗೆ ಪಡೆದ ಕಂಪನಿಯ ಸೋದರ ಸಂಸ್ಥೆಗಳೇ ಅದೇ ಜನರಿಗೆ ಸಾಲ, ವಿಮೆ ಮಾರಿ ಖಾತೆಯಿಂದ ಮುರಿದುಕೊಂಡದ್ದು ದೊಡ್ಡ ವಿವಾದವಾಗಿ, ‘ಬ್ಲ್ಯಾಕ್ ಸ್ಯಾಶ್’ ಸಂಘಟನೆ ವರ್ಷಗಟ್ಟಲೆ ಹೋರಾಡಿತು. ಹಂಚುವ ಕೈಯೂ ಸಾಲ ಕೊಡುವ ಕೈಯೂ ಒಂದೇ ಆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬಡ್ಡಿಯನ್ನು ಅಲಕ್ಷಿಸಿ ಎಂದು ಹೇಳುತ್ತಿಲ್ಲ. ಸಾವಕಾರರ ‘ನೂರಕ್ಕೆ ಮೂರು’ ವರ್ಷಕ್ಕೆ ಶೇ 36. ‘ನೂರಕ್ಕೆ ಐದು’ ಶೇ 60. ಕರ್ನಾಟಕದಲ್ಲಿ ಲೇವಾದೇವಿಗಾರರಿಗೆ ನಿಗದಿಯಾದ ಮಿತಿ ಒತ್ತೆಯಿದ್ದರೆ ಶೇ 14, ಇಲ್ಲದಿದ್ದರೆ ಶೇ 16. ನಿಜಾಮರ ಕಾಲದಲ್ಲೇ, 1349 ಫಸಲಿಯ ಹೈದರಾಬಾದ್ ಲೇವಾದೇವಿ ಕಾನೂನು ಈ ನೆಲಕ್ಕೆ ಅನ್ವಯಿಸುತ್ತಿತ್ತು. ಕಾನೂನಿನ ಕೊರತೆ ಬೀದರಿಗೆ ಹಳೆಯ ರೋಗವಲ್ಲ. ‘ಫ್ಲಾಟ್’ ಬಡ್ಡಿಯ ಮಾತಿಗೂ ಮೋಸಹೋಗಬಾರದು. ಒಂದು ವರ್ಷದ ₹10,000 ಸಾಲಕ್ಕೆ ಶೇ 12 ಫ್ಲಾಟ್ ಎಂದರೆ ತಿಂಗಳಿಗೆ ₹933. ಇಳಿಯುವ ಅಸಲಿನ ಮೇಲೆ ಎಣಿಸಿದರೆ ಅದು ಶೇ 21 ದಾಟುತ್ತದೆ. ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಬರೆದುಕೊಡಬೇಕು, ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದು ನಿಯಮ. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ದಖನಿ ಆಡುವ ಔರಾದದಲ್ಲಿ ಆ ಭಾಷೆ ಯಾವುದೆಂದು ಸಾಲಗಾರರನ್ನೇ ಕೇಳಬೇಕು.

ವಸೂಲಿಯ ಕಿರುಕುಳಕ್ಕೆ 2025ರ ಫೆಬ್ರುವರಿ 12ರ ಸುಗ್ರೀವಾಜ್ಞೆ, ಮುಂದೆ ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿದ ಮಸೂದೆ ಹತ್ತು ವರ್ಷದವರೆಗೆ ಸೆರೆ, ₹5 ಲಕ್ಷದವರೆಗೆ ದಂಡ ಇಟ್ಟಿವೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಯ ಕರೆ ಮಾಡುವಂತಿಲ್ಲ ಎಂಬುದು ಅದಕ್ಕೂ ಮೊದಲಿನ ರಿಸರ್ವ್ ಬ್ಯಾಂಕಿನ ನಿಯಮ. ದೂರನ್ನು ಮೊದಲು ಸಂಸ್ಥೆಗೆ ಬರೆದು ಕೊಟ್ಟು, ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಸಣ್ಣ ಸಾಲದ ವಿಷಯದಲ್ಲಿ ಬೀದರಿಗೆ ತನ್ನದೇ ಒಂದು ಪರಂಪರೆಯಿದೆ. ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿದ ಮೇಲೆ, ಗುರುಪಾದಪ್ಪ ನಾಗಮಾರಪಳ್ಳಿ ಅಧ್ಯಕ್ಷರಾಗಿದ್ದ ಕಾಲದಲ್ಲಿ ಬೀದರ ಡಿಸಿಸಿ ಬ್ಯಾಂಕು ಹಳ್ಳಿಯ ಸೊಸಾಯಿಟಿಗಳ ಮೂಲಕ ಆ ಕೆಲಸ ಮಾಡಿ ದೇಶದ ಗಮನ ಸೆಳೆಯಿತು. ಗುಂಪಿನ ಒಳಸಾಲಕ್ಕೆ ನೂರಕ್ಕೆ ಎರಡರ ಬಡ್ಡಿ ಬಿದ್ದರೂ ಅದು ಗುಂಪಿನ ಗಂಟಿಗೇ ಮರಳುತ್ತದೆ. ಅದಕ್ಕಿಂತ ಮುಖ್ಯ, ಯಾರ ಪಗಾರ ಈ ತಿಂಗಳು ಬಂದಿಲ್ಲ ಎಂಬುದು ಗುಂಪಿನ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ. ಕಂತು ಮುಂದೂಡುವ ಅಧಿಕಾರವೂ ಅವರದೇ. ಹೊರಗಿನ ಯಾವ ಸಂಸ್ಥೆಯ ಕಂಪ್ಯೂಟರಿಗೂ ಈ ಮಾಹಿತಿ ಇಲ್ಲ.

ಕೊನೆಯದು ಸಾವಿನ ಲೆಕ್ಕ. ಪಗಾರ ಪಡೆಯುವವರು ತೀರಿಕೊಂಡರೆ ಮಾಸಾಶನ ಅಲ್ಲಿಗೇ ನಿಲ್ಲುತ್ತದೆ, ಅದನ್ನು ನಂಬಿ ಸೊಸೆ ತೆಗೆದ ಸಾಲ ನಿಲ್ಲುವುದಿಲ್ಲ. ಸಾಲದೊಡನೆ ಮಾರುವ ವಿಮೆ ಸಾಮಾನ್ಯವಾಗಿ ಸಾಲಗಾರರ ಜೀವಕ್ಕೆ, ಬಹಳವೆಂದರೆ ಅವರ ಗಂಡನ ಜೀವಕ್ಕೆ, ಅತ್ತೆಯ ಜೀವಕ್ಕಲ್ಲ. ಆ ವಿಮೆಯೂ ಸಾಲಗಾರರ ಪೂರ್ಣ ಒಪ್ಪಿಗೆಯಿಂದಷ್ಟೇ ಆಗಬೇಕು, ಅದರ ಖರ್ಚು ಸಾಲದ ಕಾರ್ಡಿನಲ್ಲಿ ಬೇರೆಯಾಗಿ ಕಾಣಬೇಕು. ಕೈಗೆ ಬಂದ ಹಣ ಕಾರ್ಡಿನ ಮೊತ್ತಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸ ಯಾವುದಕ್ಕೆ ಹೋಯಿತೆಂದು ಅಂದೇ ಕೇಳಿ, ವಿಮೆಯ ಪತ್ರವನ್ನು ಮನೆಗೆ ತಂದಿಟ್ಟುಕೊಳ್ಳಬೇಕು.