ಅಮಲಿನ ಲೆಕ್ಕ: ಊಹೆಯಿಂದ ಪರಿಶೀಲನೆಗೆ



"ಆ ಹುಡುಗ ಗಾಂಜಾ ಸೇದುತ್ತಾನಂತೆ." ಇಂತಹ ಒಂದು 'ಅಂತೆ' ಮೊಹಲ್ಲಾವಿಡೀ ಸುತ್ತಲು ಒಂದು ಸಂಜೆ ಸಾಕು. ಇಂತಹ 'ಅಂತೆ'ಗಳನ್ನು ಪರಿಶೀಲಿಸಲು ಹೊರಟವರ ಚರಿತ್ರೆಯೊಂದಿದೆ.

ಬ್ರಿಟಿಷ್ ಸಂಸತ್ತಿನಲ್ಲಿ ಎದ್ದ ಪ್ರಶ್ನೆಯ ಬಳಿಕ 1893ರಲ್ಲಿ ಭಾರತ ಸರಕಾರವು ಗಾಂಜಾ, ಭಂಗಿ, ಚರಸ್‌ಗಳ ಬಗ್ಗೆ ತನಿಖಾ ಆಯೋಗ ನೇಮಿಸಿತು. ಅದು 1,193 ಸಾಕ್ಷಿಗಳಿಂದ ಹೇಳಿಕೆ ಪಡೆಯಿತು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ತೆರೆದಾಗ ಒಂದು ಸತ್ಯ ಹೊರಬಿತ್ತು. 'ಕಾರಣ: ಗಾಂಜಾ' ಎಂಬ ಬರಹ ಹಲವೆಡೆ ವೈದ್ಯರ ಪರೀಕ್ಷೆಯಿಂದ ಬಂದದ್ದಲ್ಲ, ರೋಗಿಯನ್ನು ಕರೆತಂದ ಪೊಲೀಸರ ಊಹೆಯಿಂದ ಬಂದದ್ದು. ಊಹೆಯೇ ಅಂಕಿಅಂಶವಾಗಿತ್ತು!

ಮಿತ ಸೇವನೆಯಿಂದ ಹೆಚ್ಚು ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ ಎಂದು ಆಯೋಗ ಹೇಳಿತು. ಅದು ನಮಗೆ ಪುರಾವೆಯಲ್ಲ. ಅಮಲೇರಿಸುವ ಎಲ್ಲವೂ ಹರಾಮ್ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೆ ಸುದ್ದಿ ಬಂದಾಗ ಪರಿಶೀಲಿಸಿರಿ ಎಂಬುದು ಕೂಡ ಕುರ್‌ಆನಿನ ಆದೇಶವೇ (ಅಲ್ ಹುಜುರಾತ್: 6).

ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಸಮೀಕ್ಷೆಯ ವರದಿ ಬಂದದ್ದು 2004ರಲ್ಲಿ. ಅದರ ಮನೆಮನೆ ಸಮೀಕ್ಷೆಯಲ್ಲಿ ಪುರುಷರನ್ನು ಮಾತ್ರ ಪ್ರಶ್ನಿಸಲಾಗಿತ್ತು. 2019ರಲ್ಲಿ ದೆಹಲಿಯ ಏಮ್ಸ್ ತಜ್ಞರ ವರದಿ ಬಂತು. ಈ ಬಾರಿ ಎರಡು ಲಕ್ಷ ಮನೆಗಳಲ್ಲಿ ಸುಮಾರು 4.73 ಲಕ್ಷ ಜನರನ್ನು, ಹೆಂಗಸರನ್ನೂ ಮಕ್ಕಳನ್ನೂ ಸೇರಿಸಿ, ಮಾತನಾಡಿಸಲಾಯಿತು. ಆದರೆ ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರಲ್ಲ? ಅದಕ್ಕಾಗಿ ಇನ್ನೊಂದು ದಾರಿ ಹಿಡಿದರು. ವ್ಯಸನಿಯೊಬ್ಬನ ಮೂಲಕ ಅವನ ಒಡನಾಡಿಗಳನ್ನು ತಲುಪಿ, ಇಂತಹ 70 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಿದರು.

ಕಂಡದ್ದೇನು? ಅಫೀಮು ವರ್ಗದ ಅಮಲು ಬಳಸುವವರು 2.26 ಕೋಟಿ. ಅಂಟು, ವೈಟ್‌ನರ್‌ನಂತಹವುಗಳನ್ನು ಮೂಸುವ ಚಟವಂತೂ ದೊಡ್ಡವರಲ್ಲಿ ಶೇ. 0.58 ಇದ್ದರೆ 10ರಿಂದ 17ರ ಮಕ್ಕಳಲ್ಲಿ ಶೇ. 1.17! ನಾವು ಗಾಂಜಾದ ವಾಸನೆ ಹುಡುಕುತ್ತಿರುವಾಗ ಅಪಾಯ ಶಾಲಾಚೀಲದಲ್ಲೇ ಇರಬಹುದು. ಅಕ್ರಮ ಮಾದಕ ದ್ರವ್ಯಗಳಿಗೆ ದಾಸರಾದ 20 ಮಂದಿಯಲ್ಲಿ ಚಿಕಿತ್ಸೆ ಸಿಗುವುದು ಒಬ್ಬನಿಗೆ ಮಾತ್ರ.

ಉಳಿದ 19 ಮಂದಿ ಎಲ್ಲಿದ್ದಾರೆ? ಯಾರದೋ ಮನೆಯ ಮುಚ್ಚಿದ ಕೋಣೆಯಲ್ಲಿ. ಅವರಲ್ಲಿ ಕೆಲವರು ನಮ್ಮ ಸಫ್‌ನಲ್ಲೇ ನಿಂತಿರಬಹುದು. ನಮ್ಮ 'ಅಂತೆ'ಗಳಿಗೆ ಹೆದರಿ ಒಬ್ಬ ತಾಯಿ ಮಗನನ್ನು ವೈದ್ಯರ ಬಳಿ ಕರೆದೊಯ್ಯದಿದ್ದರೆ ಆ ಪಾಪದಲ್ಲಿ ನಮಗೂ ಪಾಲಿದೆ. ಸಂಶಯವಿದ್ದರೆ ಮಗುವಿನ ಬಳಿ ಕುಳಿತು ಕೇಳಿರಿ. ನಿಜವಾದರೆ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಿರಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಚಿಕಿತ್ಸೆಯಿದೆ. ಸಹೋದರನ ದೋಷವನ್ನು ಮುಚ್ಚಿರಿ, ರೋಗವನ್ನು ಮುಚ್ಚಬೇಡಿರಿ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.